ಶುಗರ್ ಮಾತ್ರೆಯಿಂದ ಕಿಡ್ನಿ ಹೋಗುತ್ತದೆಯೇ? ಮಲೆನಾಡಿನ ಸಕ್ಕರೆ ಕಾಯಿಲೆಯವರು ಕೇಳದೇ ಬಿಟ್ಟ ಒಂದು ಪರೀಕ್ಷೆ

“ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಯ್ತಂತೆ ಮಾರಾಯ್ರೆ.” ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ, ಸಾಗರದ ಕಡೆಯ ಮದುವೆ ಮನೆ ಪಂಕ್ತಿಯಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಕಟ್ಟೆಯಲ್ಲಿ ಈ ಮಾತು ಕಿವಿಗೆ ಬೀಳದವರಿಲ್ಲ. ಹೇಳುವವರೇನೂ ಸುಳ್ಳು ಹೇಳುತ್ತಿಲ್ಲ. ನೆರೆಮನೆಯವರು ಹದಿನೈದು ವರ್ಷ ಮಾತ್ರೆ ನುಂಗಿದ್ದನ್ನೂ ಕಂಡಿದ್ದಾರೆ, ಆಮೇಲೆ ಡಯಾಲಿಸಿಸ್‌ಗೆ ಓಡಾಡಿದ್ದನ್ನೂ ಕಂಡಿದ್ದಾರೆ. ಎರಡನ್ನೂ ಗಂಟು ಹಾಕಿದ್ದರಲ್ಲಿ ಮಾತ್ರ ಎಡವಟ್ಟಾಗಿದೆ. ಕಿಡ್ನಿಯನ್ನು ಹಾಳುಗೆಡವಿದ್ದು ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ ಮತ್ತು ಅದರ ಬೆನ್ನಿಗೇ ಬಂದ ಬಿಪಿ.

ಈ ನಂಬಿಕೆ ಹುಟ್ಟಿದ್ದಕ್ಕೆ ಒಂದು ಕಾರಣವೂ ಇದೆ. ಸಕ್ಕರೆ ಕಾಯಿಲೆಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಅದು ಕಿಡ್ನಿಗೆ ಏಟು ಕೊಡುವುದಿಲ್ಲ. ಆದರೆ ಬೇರೆ ಕಾರಣಕ್ಕೆ ಕಿಡ್ನಿ ಸೋತಾಗ ಮಾತ್ರೆ ಮೈಯಲ್ಲೇ ಉಳಿದು ತೊಂದರೆ ಮಾಡಬಹುದು. ಅದಕ್ಕೇ ಡಾಕ್ಟರು ಒಂದು ಹಂತದಲ್ಲಿ ಡೋಸ್ ಇಳಿಸುತ್ತಾರೆ, ಮುಂದೆ ನಿಲ್ಲಿಸಿಯೇ ಬಿಡುತ್ತಾರೆ. ಮನೆಯವರಿಗೆ ಕಾಣುವುದು ಇಷ್ಟೇ: ಕಿಡ್ನಿ ತೊಂದರೆ ಅಂದರು, ಮಾತ್ರೆ ಬಿಡಿಸಿದರು. ಹಾಗಾದರೆ ಮಾತ್ರೆಯದ್ದೇ ತಪ್ಪು ಅಂತ ತೀರ್ಮಾನವಾಯಿತು. ಆ ತೀರ್ಮಾನ ಊರು ಸುತ್ತಿ, ಇನ್ನೂ ಕಿಡ್ನಿ ಸರಿಯಿರುವ ಹತ್ತು ಜನ ಮಾತ್ರೆಯನ್ನು ಅರ್ಧ ಮಾಡಿಕೊಳ್ಳುತ್ತಾರೆ, ದಿನ ಬಿಟ್ಟು ದಿನ ನುಂಗುತ್ತಾರೆ. ಅವರ ಕಿಡ್ನಿಗೆ ನಿಜವಾದ ಅಪಾಯ ಶುರುವಾಗುವುದು ಆಗ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಕಾಲಕ್ರಮದಲ್ಲಿ ಕಿಡ್ನಿ ಕಾಯಿಲೆ ಬರುತ್ತದೆ. ನಮ್ಮ ಕಡೆ ಒಂದು ಕೇರಿಯಲ್ಲಿ ಶುಗರ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಲೆಕ್ಕ ನೀವೇ ಹಾಕಿಕೊಳ್ಳಬಹುದು.

ಒಳಗೆ ಆಗುವುದೇನು

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಗಂಟು ಇರುತ್ತದೆ. ರಕ್ತ ಸೋಸಲ್ಪಡುವುದು ಅಲ್ಲೇ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಹೆಚ್ಚುಪಾಲು ಮತ್ತೆ ರಕ್ತಕ್ಕೇ ಮರಳುತ್ತದೆ, ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಆಸುಪಾಸು. ಬೇಕಾದ ಪ್ರೋಟೀನು, ಅದರಲ್ಲೂ ಆಲ್ಬುಮಿನ್, ಸೋರಿ ಹೋಗದ ಹಾಗೆ ಆ ಗಂಟಿನ ಗೋಡೆ ತಡೆದಿಟ್ಟುಕೊಳ್ಳುತ್ತದೆ.

ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ಈ ಗಂಟಿಗೆ ರಕ್ತ ತರುವ ನಾಳ ಅಗಲವಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ವಿಚಿತ್ರವೆಂದರೆ ಮೊದಮೊದಲು ಕಿಡ್ನಿ ಎಂದಿಗಿಂತ ಹೆಚ್ಚೇ ಸೋಸುತ್ತದೆ! ಆ ದಿನಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ “ಫಸ್ಟ್‌ಕ್ಲಾಸ್ ಇದೆ” ಎಂದೇ ಕಾಣುತ್ತದೆ. ಒತ್ತಡ ತಿಂದು ತಿಂದು ಗೋಡೆ ಸಡಿಲವಾಗಿ ಆಲ್ಬುಮಿನ್ ಚೂರುಚೂರೇ ಮೂತ್ರಕ್ಕೆ ಸೋರತೊಡಗುತ್ತದೆ. ಮುಂದೆ ಗಂಟುಗಳು ಒಂದೊಂದಾಗಿ ಗಾಯವಾಗಿ ಗಟ್ಟಿಯಾಗುತ್ತವೆ. ಹಾಗೆ ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಅದರ ಕೆಲಸವನ್ನೂ ಹೊತ್ತುಕೊಂಡು ತಾವೂ ಬೇಗ ಸವೆಯುತ್ತವೆ.

ಇದಕ್ಕೆಲ್ಲ ವರ್ಷಗಳೇ ಹಿಡಿಯುತ್ತವೆ, ಮತ್ತು ಅಷ್ಟೂ ಕಾಲ ನೋವಿಲ್ಲ. “ಬೆನ್ನು ನೋವಿಲ್ಲ, ಉರಿಮೂತ್ರ ಇಲ್ಲ, ಒಂದಕ್ಕೆ ಸಲೀಸಾಗಿ ಹೋಗುತ್ತದೆ, ನನ್ನ ಕಿಡ್ನಿಗೇನಾಗಿದೆ?” ಎನ್ನುವವರು ಕಿಡ್ನಿಯಲ್ಲಿ ಕಲ್ಲಾದಾಗಿನ ಲಕ್ಷಣಗಳನ್ನು ಹುಡುಕುತ್ತಿರುತ್ತಾರೆ. ಅದು ಬೇರೆ ಕಾಯಿಲೆ. ಸಕ್ಕರೆಯಿಂದ ಬರುವ ಈ ಕಾಯಿಲೆಯಲ್ಲಿ ಮೂತ್ರದ ಪ್ರಮಾಣ ಬಹಳ ತಡವಾಗುವವರೆಗೂ ಕಡಿಮೆಯಾಗದೆ ಇರಬಹುದು. ನೀರು ಹೋಗುತ್ತಿರುತ್ತದೆ, ಕಸ ಒಳಗೇ ಉಳಿದಿರುತ್ತದೆ. ಮೂತ್ರದಲ್ಲಿ ಆರದ ನೊರೆ, ಸಂಜೆಯಾಗುತ್ತಲೇ ಪಾದದಲ್ಲಿ ಬಾವು, ಬೆಳಗೆದ್ದಾಗ ಕಣ್ಣಿನ ಸುತ್ತ ಊತ, ಊಟ ಸೇರದಿರುವುದು, ತುರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ಇವೆಲ್ಲ ಕಾಣುವ ಹೊತ್ತಿಗೆ ಸಾಕಷ್ಟು ನಷ್ಟವಾಗಿ ಹೋಗಿರುತ್ತದೆ.

ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೆ ಕೊಳೆ ಬಂದು ಕಾಯಿ ಉದುರಿದ ಮೇಲೆ ಬೋರ್ಡೋ ದ್ರಾವಣ ಹೊಡೆದು ಆ ಕಾಯಿಯನ್ನು ಮರಕ್ಕೆ ಅಂಟಿಸಲಾಗುವುದಿಲ್ಲ. ಮಳೆ ಹಿಡಿಯುವ ಮೊದಲೇ, ಗೊನೆ ಹಸಿರಾಗಿ ಚೆನ್ನಾಗಿ ಕಾಣುತ್ತಿರುವಾಗಲೇ ಹೊಡೆಯುತ್ತೇವೆ. ಕಿಡ್ನಿ ವಿಷಯದಲ್ಲಿ ಮಾತ್ರ ನಾವು ಕಾಯಿ ಉದುರಲಿ ಅಂತ ಕಾಯುತ್ತೇವೆ.

ರಿಪೋರ್ಟಿನ ಎರಡು ಸಾಲು

ನಮ್ಮ ಜನ ಶುಗರ್ ರಿಪೋರ್ಟನ್ನು ಬಾಯಿಪಾಠ ಹೇಳುತ್ತಾರೆ. “ಖಾಲಿ ಹೊಟ್ಟೆಗೆ 140, ಊಟ ಆದ್ಮೇಲೆ 210, ಮೂರು ತಿಂಗಳದ್ದು ಏಳೂವರೆ.” ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿತ್ತು ಅಂದರೆ ಮುಖ ಮುಖ ನೋಡುತ್ತಾರೆ. ಬಹಳಷ್ಟು ಮಂದಿಗೆ ಆ ಪರೀಕ್ಷೆ ಇರುವುದೇ ಗೊತ್ತಿಲ್ಲ. ಬರೆದುಕೊಡುವವರೂ ಎಷ್ಟೋ ಸಲ ಮರೆಯುತ್ತಾರೆ, ಇದನ್ನೂ ಹೇಳಿಬಿಡಬೇಕು.

ಪರೀಕ್ಷೆಯ ಹೆಸರು ಯೂರಿನ್ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ, ಲ್ಯಾಬಿನವರ ಬಾಯಲ್ಲಿ ಎಸಿಆರ್. ಡಬ್ಬಿಯಲ್ಲಿ ಒಂದಿಷ್ಟು ಮೂತ್ರ ಕೊಟ್ಟರೆ ಮುಗಿಯಿತು. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. 24 ಗಂಟೆ ಕ್ಯಾನಿನಲ್ಲಿ ಸಂಗ್ರಹಿಸುವ ರಗಳೆ ಇಲ್ಲ. ಉತ್ತರ 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ಒಳಗಿದ್ದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಜೋರಾಗಿದೆ. ಸಾಮಾನ್ಯ ಯೂರಿನ್ ಟೆಸ್ಟಿನಲ್ಲಿ ಕಡ್ಡಿ ಅದ್ದಿ ನೋಡಿ “ಆಲ್ಬುಮಿನ್ ನಿಲ್” ಅಂತ ಬರೆದಿದ್ದರೆ ಅದನ್ನು ನಂಬಿ ಕೂರುವಂತಿಲ್ಲ. ನಡುವಿನ ಹಂತದ ಸಣ್ಣ ಸೋರಿಕೆ ಆ ಕಡ್ಡಿಯ ಕಣ್ಣಿಗೆ ಎಷ್ಟೋ ಸಲ ಬೀಳುವುದೇ ಇಲ್ಲ, ಮತ್ತು ಚಿಕಿತ್ಸೆಗೆ ಅತ್ಯಂತ ಪ್ರಯೋಜನವಿರುವುದು ಆ ಹಂತದಲ್ಲೇ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಮೈಮುರಿಯುವ ಕೆಲಸ ಇವುಗಳಿಂದ ತಾತ್ಕಾಲಿಕವಾಗಿ ಏರಿರಬಹುದು. ಹಾಗಾಗಿ ಒಂದೇ ರಿಪೋರ್ಟು ಹಿಡಿದು ಗಾಬರಿಯಾಗದೆ, ಮೂರರಿಂದ ಆರು ತಿಂಗಳೊಳಗೆ ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ ಮಾಡಿಸಿ ನೋಡುತ್ತಾರೆ.

ಇನ್ನೊಂದು ಸಾಲು ಕ್ರಿಯಾಟಿನಿನ್. ಇದನ್ನು ಎಲ್ಲರೂ ಮಾಡಿಸುತ್ತಾರೆ, ತಪ್ಪಾಗಿ ಓದುತ್ತಾರೆ. ರಕ್ತದಲ್ಲಿ ಕ್ರಿಯಾಟಿನಿನ್ 1.2 ಅಂತ ಬಂದರೆ ಪಕ್ಕದಲ್ಲಿ ಅಚ್ಚಾಗಿರುವ “ನಾರ್ಮಲ್” ಅಂಕಿಯ ಅಂಚಿನಲ್ಲೇ ಇದೆಯಲ್ಲ ಅಂತ ಸಮಾಧಾನವಾಗುತ್ತದೆ. ಆದರೆ ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ವಸ್ತು. ವಯಸ್ಸಾದ, ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ಹೆಂಗಸಿನಲ್ಲಿ ಅದು ಹುಟ್ಟುವುದೇ ಕಮ್ಮಿ. ಹಾಗಾಗಿ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಬೇಕು, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜಿಸುವ ಆ ಲೆಕ್ಕಕ್ಕೆ ಇಜಿಎಫ್‌ಆರ್ ಎನ್ನುತ್ತಾರೆ. ಈಗ ಬಳಕೆಯಲ್ಲಿರುವ 2021ರ ಸೂತ್ರಕ್ಕೆ ಹಾಕಿ ನೋಡಿದರೆ, ಕ್ರಿಯಾಟಿನಿನ್ 1.2 ಇರುವ 30 ವರ್ಷದ ಗಂಡಸಿಗೆ ಸುಮಾರು 83 ಬರುತ್ತದೆ. ಅದೇ 1.2 ಇರುವ 62 ವರ್ಷದ ಹೆಂಗಸಿಗೆ ಬರುವುದು ಸುಮಾರು 51. ಇಜಿಎಫ್‌ಆರ್ ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಅಂದರೆ ಆ ಅಜ್ಜಿ “ನಾರ್ಮಲ್” ರಿಪೋರ್ಟು ಕೈಯಲ್ಲಿ ಹಿಡಿದುಕೊಂಡೇ ಮೂರನೇ ಹಂತದಲ್ಲಿರಬಹುದು. ಇಂಥ ಅಂಕಿಯನ್ನು ಲ್ಯಾಬಿನವರು ತಾವಾಗಿಯೇ ಲೆಕ್ಕ ಹಾಕಿ ಅಚ್ಚು ಹಾಕಬಾರದೇಕೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಕೆಲವರು ಹಾಕುತ್ತಾರೆ. ಹಾಕದಿದ್ದರೆ ಡಾಕ್ಟರ ಹತ್ತಿರ “ನನ್ನ ಇಜಿಎಫ್‌ಆರ್ ಎಷ್ಟು?” ಅಂತ ಕೇಳಿ.

ಎರಡೂ ಪರೀಕ್ಷೆ ವರ್ಷಕ್ಕೊಮ್ಮೆ ಬೇಕು. ದೊಡ್ಡವರಾದ ಮೇಲೆ ಬರುವ ಟೈಪ್ 2 ಶುಗರ್ ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ, ಯಾಕೆಂದರೆ ಗೊತ್ತಾಗುವ ಮೊದಲೇ ಅದು ಎಷ್ಟು ವರ್ಷ ಒಳಗಿತ್ತೋ ಯಾರಿಗೆ ಗೊತ್ತು. ಟೈಪ್ 1 ಆದರೆ ಐದು ವರ್ಷದ ನಂತರ. ಒಂದನ್ನೇ ಮಾಡಿಸಿ ಇನ್ನೊಂದನ್ನು ಬಿಡುವಂತಿಲ್ಲ. ಕೆಲವರಿಗೆ ಸೋರಿಕೆಯೇ ಇಲ್ಲದೆ ಇಜಿಎಫ್‌ಆರ್ ಇಳಿಯುತ್ತದೆ, ಕೆಲವರಿಗೆ ಇಜಿಎಫ್‌ಆರ್ ಚೆನ್ನಾಗಿದ್ದೂ ಆಲ್ಬುಮಿನ್ ಸೋರುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ರೆಟಿನಾಕ್ಕೆ ಶುಗರ್ ತಾಗಿದೆ ಅಂತ ಹೇಳಿದ್ದರೆ ಕಿಡ್ನಿ ಪರೀಕ್ಷೆಯನ್ನು ಮುಂದೂಡಲೇಬೇಡಿ. ಎರಡು ಕಡೆಯೂ ಹಾಳಾಗುವುದು ಅದೇ ಜಾತಿಯ ಸಣ್ಣ ರಕ್ತನಾಳಗಳು.

ಶುಗರ್ ಇಳಿಯಿತೆಂದು ಹಿಗ್ಗುವ ಮೊದಲು

ಇನ್ನೊಂದು ಮೋಸದ ಲಕ್ಷಣವಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಹತ್ತಿಪ್ಪತ್ತು ವರ್ಷದಿಂದ ಶುಗರ್ ಇರುವವರಿಗೆ ಇದ್ದಕ್ಕಿದ್ದ ಹಾಗೆ ಸಕ್ಕರೆ ಕಡಿಮೆಯಾಗತೊಡಗುತ್ತದೆ. ಅದೇ ಮಾತ್ರೆ, ಅದೇ ಇನ್ಸುಲಿನ್, ಆದರೂ ನಡುಕ, ಬೆವರು, ರಾತ್ರಿ ಕಣ್ಣು ಕತ್ತಲೆ. ಮನೆಯಲ್ಲಿ ಸಂಭ್ರಮ: “ಆ ಕಷಾಯ ಕುಡಿದಾಗಿನಿಂದ ಶುಗರ್ ವಾಸಿಯಾಗ್ತಾ ಇದೆ.” ನಡೆದಿರುವುದು ಬೇರೆ. ಚುಚ್ಚಿಕೊಂಡ ಇನ್ಸುಲಿನ್ನಿನ ದೊಡ್ಡ ಪಾಲನ್ನು ಮೈಯಿಂದ ತೆಗೆಯುವುದು ಕಿಡ್ನಿಯೇ. ಕಿಡ್ನಿ ಸೋತರೆ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳೂ ಉಳಿಯುತ್ತವೆ. ಜೊತೆಗೆ ಊಟ ಸೇರುವುದಿಲ್ಲ. ಕಾರಣವಿಲ್ಲದೆ ಶುಗರ್ ಇಳಿಯತೊಡಗಿದರೆ ಮೊದಲು ಮಾಡಿಸಬೇಕಾದ್ದು ಕಿಡ್ನಿ ಪರೀಕ್ಷೆ. ಕಾಯಿಲೆ ಬಲಿತ ಮೇಲೆ ರಕ್ತಹೀನತೆಯ ಕಾರಣದಿಂದ ಮೂರು ತಿಂಗಳ ಸರಾಸರಿಯೂ ನಿಜಕ್ಕಿಂತ ಕಡಿಮೆ ತೋರಿಸಬಹುದು.

ಹೆದರದೆ ನುಂಗುವ ಮಾತ್ರೆ

ಶುಗರ್ ಮಾತ್ರೆಗೆ ಹೆದರುವ ನಾವು ಹೆದರಿಕೆಯಿಲ್ಲದೆ ನುಂಗುವ ಮಾತ್ರೆ ಬೇರೊಂದಿದೆ. ಕೊನೆ ಕೊಯ್ಲಿನ ಕಾಲದಲ್ಲಿ ಯಾವ ಮನೆಯ ಜಗುಲಿಗಾದರೂ ಹೋಗಿ ನೋಡಿ. ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಮೇಲೆ ಕಾಲು ಮಡಚಿ ಕೂತು ಅಡಿಕೆ ಸುಲಿಯುವ ಹೆಂಗಸರ ಸೊಂಟ, ಮಂಡಿ ಬೆಳಗ್ಗೆ ಏಳಗೊಡುವುದಿಲ್ಲ. ಗೂಡಂಗಡಿಯಲ್ಲೋ ಮೆಡಿಕಲ್ಲಿನಲ್ಲೋ “ಮೈಕೈ ನೋವಿಂದು ಕೊಡಿ” ಅಂದರೆ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಚೀಟಿ ಇಲ್ಲ, ಕತ್ತರಿಸಿದ ಪಟ್ಟಿಯಲ್ಲಿ ಹೆಸರೂ ಪೂರ್ತಿ ಉಳಿದಿರುವುದಿಲ್ಲ. ಒಳಗಿರುವುದು ಹೆಚ್ಚಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ಈ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಕಿಡ್ನಿ ಗಟ್ಟಿ ಇರುವವರು ಒಂದೆರಡು ದಿನ ತೆಗೆದುಕೊಂಡರೆ ತಡೆದುಕೊಳ್ಳಬಹುದು. ಶುಗರ್, ಬಿಪಿ ಎರಡೂ ಇದ್ದು, ಬಿಪಿ ಮಾತ್ರೆ ಮತ್ತು ನೀರು ಇಳಿಸುವ ಮಾತ್ರೆಯನ್ನೂ ತಿನ್ನುತ್ತಿರುವವರು ಅದರ ಮೇಲೆ ಇದನ್ನೂ ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ನೋವಿಗೆ ಅಳತೆಯಲ್ಲಿ ಪ್ಯಾರಾಸಿಟಮಾಲ್, ಹಚ್ಚುವ ಎಣ್ಣೆ, ಶಾಖ, ಕೂರಲು ಎತ್ತರದ ಮಣೆ ಇವೇ ವಾಸಿ.

ನಾಟಿ ಔಷಧಿಯ ವಿಷಯ ಎತ್ತಿದರೆ ಮಲೆನಾಡಿನಲ್ಲಿ ಜಗಳವಾಗುತ್ತದೆ, ಆದರೂ ಎತ್ತಬೇಕು. ಕಷಾಯವೆಲ್ಲ ವಿಷ ಎಂದು ನಾನು ಹೇಳುವುದಿಲ್ಲ. ಕೆಲವು ಗಿಡಗಳ ವಿಷಯ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿದೆ. ಬೇಲಿಯಲ್ಲಿ ಹಬ್ಬುವ ಈಶ್ವರ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನು ಶಾಶ್ವತವಾಗಿ ಹಾಳು ಮಾಡುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆಯ ಜೊತೆ ಈ ಕುಲದ ಗಿಡ ಸೇರಿ ಹತ್ತಾರು ಹೆಂಗಸರ ಕಿಡ್ನಿ ಹೋದದ್ದು ವೈದ್ಯಲೋಕಕ್ಕೆ ಗೊತ್ತಿರುವ ಕತೆ. ಕೊಲೆಸ್ಟ್ರಾಲ್‌ಗೆ, ಶುಗರ್‌ಗೆ ಒಳ್ಳೆಯದೆಂದು ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ಕಟ್ಟಿ ಆಸ್ಪತ್ರೆ ಸೇರಿದವರ ವರದಿ ಕೇರಳದಿಂದ ಬಂದಿದೆ. ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ರಸ ಹಿಂಡಿ ಕುಡಿಯುವುದು ಬೇರೆ. ಅದರ ಸೋದರನಾದ ಕಮರಾಕ್ಷಿ ಹಣ್ಣನ್ನಂತೂ ಕಿಡ್ನಿ ಸೋತವರು ಮುಟ್ಟಲೇಬಾರದು. ಬಿಕ್ಕಳಿಕೆಯಿಂದ ಶುರುವಾಗಿ ಮಿದುಳಿಗೇ ಏರಬಹುದು. ಕಲ್ಲಿಗೆ ಒಳ್ಳೆಯದೆಂದು ಹೆಸರಾದ ಬಾಳೆದಿಂಡಿನ ರಸದಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೀರಾ ಇಳಿದವರಿಗೆ ಅದೂ ಹೊಂದುವುದಿಲ್ಲ.

ಏನು ಮಾಡಿದರೆ ತಡೆಯಬಹುದು

ಹೋದ ನೆಫ್ರಾನ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ಇಪ್ಪತ್ತೈದು ವರ್ಷದ ಹಿಂದಿಗಿಂತ ಈಗ ಕೈಯಲ್ಲಿ ಆಯುಧಗಳು ಜಾಸ್ತಿ. ಬಿಪಿಯನ್ನು 130/80ರ ಒಳಗೆ ತರುವುದು ಮೊದಲ ಕೆಲಸ. ಅದಕ್ಕೆ ಕೊಡುವ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಬಿಪಿ ಇಳಿಸುವುದರ ಜೊತೆಗೆ ಆ ಗಂಟಿನೊಳಗಿನ ಒತ್ತಡವನ್ನೂ ಇಳಿಸಿ ಸೋರಿಕೆ ತಗ್ಗಿಸುತ್ತವೆ. ಇದು 2001ರಲ್ಲೇ ದೊಡ್ಡ ಅಧ್ಯಯನಗಳಲ್ಲಿ ರುಜುವಾತಾಯಿತು. ಆಮೇಲೆ ಬಂದದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಕಿಡ್ನಿಯ ಮೇಲಿನ ಒತ್ತಡ ಇಳಿಸುತ್ತವೆ. ಇದೇ ಗುಂಪಿನ ಕೆನಾಗ್ಲಿಫ್ಲೋಜಿನ್ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿಡ್ನಿ ವೈಫಲ್ಯವೂ ಸೇರಿದಂತೆ ದೊಡ್ಡ ಅನಾಹುತಗಳ ಸಂಭವ ಸುಮಾರು ಶೇ. 30ರಷ್ಟು ಇಳಿಯಿತು. ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆಯೂ ಬಹಳ ಇಳಿದಿದೆ.

ಶುಗರ್ ಮಾತ್ರೆ ಕಿಡ್ನಿ ಹಾಳುಮಾಡುತ್ತದೆ ಎಂದು ಹೆದರುವ ಊರಿನಲ್ಲಿ, ಕಿಡ್ನಿ ಉಳಿಸುವ ಮಾತ್ರೆಗಳಲ್ಲಿ ಒಂದು ಶುಗರ್ ಮಾತ್ರೆಯೇ ಆಗಿರುವುದು ತಮಾಷೆಯೇ ಸರಿ. ಇವನ್ನು ಶುರು ಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಒಳಗಿನ ಒತ್ತಡ ಇಳಿದ ಗುರುತು ಅದು. “ನೋಡಿ, ಮಾತ್ರೆ ತಿಂದದ್ದೇ ಕಿಡ್ನಿಗೆ ತಾಗಿತು” ಎಂದು ಅಲ್ಲಿಗೇ ಬಿಟ್ಟವರಿದ್ದಾರೆ. ಏರಿದ್ದು ಶೇ. 30ರ ಒಳಗಿದ್ದರೆ ಡಾಕ್ಟರು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಬಿಡುವುದೋ ಬೇಡವೋ ಅವರೇ ನೋಡಿ ಹೇಳಲಿ.

ಮಾತ್ರೆ ನಿಲ್ಲಿಸಬೇಕಾದ ಒಂದು ಸಂದರ್ಭವೂ ಇದೆ, ಅದು ನಮ್ಮ ಮಳೆಗಾಲಕ್ಕೆ ಸರಿಯಾಗಿ ಹೊಂದುತ್ತದೆ. ವಾಂತಿ ಭೇದಿ ಹಿಡಿದು ನೀರು ನಿಲ್ಲದ ದಿನ, ಜ್ವರದಲ್ಲಿ ಊಟ ಬಿಟ್ಟ ದಿನ, ಮೆಟ್‌ಫಾರ್ಮಿನ್, ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ, ನೀರು ಇಳಿಸುವ ಮಾತ್ರೆ, ಮೇಲೆ ಹೇಳಿದ ಬಿಪಿ ಮಾತ್ರೆ ಇವನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿ ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಇನ್ಸುಲಿನ್ ಮಾತ್ರ ತಾವಾಗಿ ನಿಲ್ಲಿಸುವಂತಿಲ್ಲ. ಊಟ ಸೇರತೊಡಗಿದ ಮೇಲೆ ಎಲ್ಲವನ್ನೂ ಮರೆಯದೆ ಮತ್ತೆ ಶುರು ಮಾಡಬೇಕು. ಗದ್ದೆ ಕೆಸರಿನಿಂದ ಬರುವ ಇಲಿಜ್ವರ ತಾನೇ ಕಿಡ್ನಿಗೆ ಏಟು ಕೊಡುವ ಕಾಯಿಲೆ. ಶುಗರ್ ಇರುವವರು ಜ್ವರ ಬಂದಾಗ “ಒಂದು ಸೂಜಿ ಹಾಕಿ ಬಿಡಿ ಡಾಕ್ಟ್ರೆ” ಎಂದು ನೋವಿನ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳುವುದು ಬೇಡ.

ಊಟದಲ್ಲಿ ಮೊದಲು ಕೈ ಹಾಕಬೇಕಾದ್ದು ಉಪ್ಪಿಗೆ. ದಿನಕ್ಕೆ 5 ಗ್ರಾಂ ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅದೂ ಎಲ್ಲ ಸೇರಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇರುವ ಊರಿನಲ್ಲಿ ಇದು ಸುಲಭವಲ್ಲ, ಒಪ್ಪುತ್ತೇನೆ. ಮಿಡಿಯನ್ನು ದಿನಾ ನೆಂಚಿಕೊಳ್ಳುವ ಬದಲು ಹಬ್ಬಕ್ಕಿಟ್ಟುಕೊಂಡರೂ ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತದೆ. “ಕಡಿಮೆ ಸೋಡಿಯಂ” ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ, ಕಿಡ್ನಿ ಕಾಯಿಲೆಯವರು ಕೇಳದೆ ತರಬಾರದು. ಬೇಳೆ, ಮೊಟ್ಟೆ ಪೂರ್ತಿ ಬಿಟ್ಟು ಗಂಜಿ ಕುಡಿದು ಸೊರಗುವುದೂ ತಪ್ಪು. ಡಯಾಲಿಸಿಸ್ ಶುರುವಾಗದವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಬೇಕೇ ಬೇಕು. ಎಳನೀರು, ಬಾಳೆಹಣ್ಣು, ಹಲಸಿನ ಹಣ್ಣುಗಳನ್ನು ಪೊಟ್ಯಾಸಿಯಂ ಕಾರಣಕ್ಕೆ ಬಿಡಬೇಕಾದ್ದು ರಕ್ತದಲ್ಲಿ ಅದು ಏರಿದವರು ಮಾತ್ರ.

ಇಷ್ಟಾದರೂ ಕೆಲವರಿಗೆ ಡಯಾಲಿಸಿಸ್ ತಪ್ಪುವುದಿಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತ, ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದಿವೆ. ಹಾಗಿದ್ದೂ ಆಗುಂಬೆ ಕಡೆಯವರು ತೀರ್ಥಹಳ್ಳಿಗೆ ಬಂದು ಹೋಗುವುದೆಂದರೆ, ಅಲ್ಲಿ ಜಾಗ ಸಿಗದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತನಕ ಹೋಗಬೇಕಾದರೆ, ವಾರದಲ್ಲಿ ಮೂರು ದಿನ ಅದಕ್ಕೇ ಮೀಸಲು. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಎಂಬುದೂ ಇದೆ, ದೂರದ ಒಂಟಿಮನೆಯವರು ಅದರ ಬಗ್ಗೆ ಕೇಳಿ ನೋಡಬೇಕು. ಇಜಿಎಫ್‌ಆರ್ 30ರ ಕೆಳಗೆ ಬಂದವರು ಕಿಡ್ನಿ ತಜ್ಞರನ್ನು ಕಾಣುವುದರ ಜೊತೆಗೆ ಇನ್ನೊಂದು ಕೆಲಸ ಮಾಡಬೇಕು. ಡಯಾಲಿಸಿಸ್‌ಗೆ ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುತ್ತಾರೆ, ಅದು ಬಲಿಯಲು ವಾರಗಳೇ ಬೇಕು. ಬಲಗೈ ಬಳಸುವವರಿಗೆ ಹೆಚ್ಚಾಗಿ ಎಡಗೈಯಲ್ಲಿ ಮಾಡುತ್ತಾರೆ, ಸೂಜಿ ಚುಚ್ಚಿ ಚುಚ್ಚಿ ಹಾಳಾದ ನಾಳದಲ್ಲಿ ಆಗುವುದಿಲ್ಲ. ಹಾಗಾಗಿ ಲ್ಯಾಬಿನಲ್ಲೋ ಗ್ಲೂಕೋಸ್ ಏರಿಸುವಲ್ಲೋ “ಎಡಗೈ ಕೊಡಿ” ಅಂದರೆ ಬೇಡವೆಂದು ಹೇಳಿ ಬಲಗೈ ಚಾಚಿ, ಆದಷ್ಟು ಮಟ್ಟಿಗೆ ಹಸ್ತದ ಹಿಂಭಾಗದಲ್ಲೇ ಚುಚ್ಚಲು ಕೇಳಿ.